ಬೈಪೋಲಾರ್ ಕಾಯಿಲೆ ಮರುಕಳಿಸದಂತೆ: ಗುಳಿಗೆಯ ಜೊತೆಗೆ ಮನೋಚಿಕಿತ್ಸೆ

ಬೈಪೋಲಾರ್ ಕಾಯಿಲೆಯ ಚಿಕಿತ್ಸೆಯಲ್ಲಿ ಹೆಚ್ಚಿನ ಕೆಲಸ ನಡೆಯಬೇಕಾದದ್ದು ರೋಗಿ ಆರಾಮವಾಗಿರುವ ತಿಂಗಳುಗಳಲ್ಲಿ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮನೆಯವರೊಬ್ಬರು ಹಗಲುರಾತ್ರಿ ನಿದ್ದೆಯಿಲ್ಲದೆ ಓಡಾಡಿ, ಸಾಲ ಮಾಡಿ, ಕಂಡವರೊಡನೆ ಜಗಳ ತೆಗೆದು ಕೈಮೀರಿದಾಗ ಜೀಪು ಮಾಡಿಕೊಂಡು ಆಸ್ಪತ್ರೆಗೆ ಧಾವಿಸುತ್ತೇವೆ. ಕೆಲವು ವಾರಗಳಲ್ಲಿ ಅವರು ತಹಬಂದಿಗೆ ಬಂದರೆ ಹರಕೆ ತೀರಿಸುತ್ತೇವೆ, ಮೂರ್ನಾಲ್ಕು ತಿಂಗಳು ಗುಳಿಗೆ ಕೊಡುತ್ತೇವೆ, ಆಮೇಲೆ "ಈಗ ಆರಾಮ ಅದಾನಲ್ಲ, ಇನ್ನ ಗುಳಿಗಿ ಯಾಕ?" ಎಂದು ನಿಲ್ಲಿಸಿಬಿಡುತ್ತೇವೆ. ಮತ್ತೊಂದು ಹಂಗಾಮು ಬರುವಷ್ಟರಲ್ಲಿ ಪುನಃ ಅದೇ ಆಸ್ಪತ್ರೆ, ಅದೇ ವಾರ್ಡು. ಈ ಎರಡು ದಾಖಲಾತಿಗಳ ನಡುವಿನ ಕಾಲವನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ರೋಗಿಗಳಿಗೂ ಅವರ ಮನೆಯವರಿಗೂ ಹಂತ ಹಂತವಾಗಿ ಹೇಳುವುದು ಈ ಲೇಖನದ ಉದ್ದೇಶ.

ಕಾಯಿಲೆಯ ಪರಿಚಯ ಕೆಲವರಿಗಾದರೂ ಬೇಕಾದೀತು. ಮನಸ್ಥಿತಿ ಮೇಲಿನ ತುದಿಗೆ ಹೋದಾಗ ಅದು ಮೇನಿಯಾ: ಕನಿಷ್ಠ ಒಂದು ವಾರದ ಕಾಲ ಅತಿಯಾದ ಉಲ್ಲಾಸ ಇಲ್ಲವೇ ಸಿಡುಕು, ಮೂರು ತಾಸು ಮಲಗಿದರೂ ದಣಿವಿಲ್ಲದಿರುವುದು, ತಡೆಯಿಲ್ಲದ ಮಾತು, ತನ್ನ ಶಕ್ತಿಯ ಬಗ್ಗೆ ಮಿತಿಮೀರಿದ ನಂಬಿಕೆ, ಲೆಕ್ಕವಿಲ್ಲದ ಖರ್ಚು. ಇದರದೇ ಸೌಮ್ಯ ರೂಪ ಹೈಪೋಮೇನಿಯಾ. ಇದು ನಾಲ್ಕು ದಿನಗಳಾದರೂ ಇರುತ್ತದೆ, ಆದರೆ ಮನೆಯವರಿಗೆ ಕಾಯಿಲೆಯೆನಿಸದೆ "ಈಗೀಗ ಹುರುಪಿನಿಂದ ಇದ್ದಾನೆ" ಎನಿಸುವಷ್ಟು ಸೌಮ್ಯವಾಗಿರಬಹುದು. ಕೆಳಗಿನ ತುದಿ ಖಿನ್ನತೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿ, ಯಾವುದರಲ್ಲೂ ರುಚಿಯಿಲ್ಲದೆ, ಎದ್ದು ಮುಖ ತೊಳೆಯುವುದೂ ಭಾರವಾಗುತ್ತದೆ. ಬಹುಪಾಲು ರೋಗಿಗಳು ಮೇನಿಯಾಕ್ಕಿಂತ ಹೆಚ್ಚು ದಿನಗಳನ್ನು ಕಳೆಯುವುದು ಖಿನ್ನತೆಯಲ್ಲೇ. ಮೇನಿಯಾದ ಗದ್ದಲವನ್ನು ಊರೇ ನೋಡುತ್ತದೆ, ಖಿನ್ನತೆಯ ತಿಂಗಳುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಬದುಕಿನ ಯಾವುದಾದರೂ ಘಟ್ಟದಲ್ಲಿ ಈ ಕಾಯಿಲೆ ಬಂದಿರುತ್ತದೆ. ಆ ಲೆಕ್ಕದಲ್ಲಿ ದೊಡ್ಡದೊಂದು ಹಳ್ಳಿಯಲ್ಲೇ ಹತ್ತಾರು ಮನೆಗಳಾಗುತ್ತವೆ.

ಮೊದಲ ಹಂತ: ಗುಳಿಗೆಯನ್ನು ಗಟ್ಟಿ ಮಾಡಿಕೊಳ್ಳುವುದು

ಮನೋಚಿಕಿತ್ಸೆಯ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆಯ, ಬಗ್ಗೆ ಬರೆಯುವಾಗಲೂ ಮೊದಲ ಮಾತು ಔಷಧದ್ದೇ ಆಗಬೇಕು. ಬೈಪೋಲಾರ್ ಕಾಯಿಲೆಯಲ್ಲಿ ಗುಳಿಗೆ ಬಿಟ್ಟು ಬರೀ ಮಾತಿನ ಚಿಕಿತ್ಸೆಯಿಂದ ಮೇನಿಯಾವನ್ನು ತಡೆಯಲಾಗುವುದಿಲ್ಲ. ಹಾಗೆ ಯಾರಾದರೂ ಭರವಸೆ ಕೊಟ್ಟರೆ ಅವರನ್ನು ನಂಬಬೇಡಿ.

ಮನಸ್ಥಿತಿಯನ್ನು ಸಮತೋಲದಲ್ಲಿಡುವ ಔಷಧಗಳಲ್ಲಿ ಲಿಥಿಯಂ ಎಲ್ಲಕ್ಕಿಂತ ಹಳೆಯದು. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಮೇನಿಯಾದ ಮೇಲೆ ಅದರ ಪರಿಣಾಮವನ್ನು ಪ್ರಕಟಿಸಿದರು. ಮರುಕಳಿಕೆಯನ್ನು ತಡೆಯುವುದರಲ್ಲಿ ಇಂದಿಗೂ ಅದಕ್ಕೆ ಮೊದಲ ಸಾಲಿನ ಸ್ಥಾನವಿದೆ, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಅದಕ್ಕಿದೆ. ಆದರೆ ಅದು ರಕ್ತಪರೀಕ್ಷೆಯ ಶಿಸ್ತನ್ನು ಬೇಡುತ್ತದೆ. ಕೊನೆಯ ಗುಳಿಗೆ ನುಂಗಿ ಹನ್ನೆರಡು ತಾಸಾದ ಮೇಲೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಗುಳಿಗೆ ತೆಗೆದುಕೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಗುಳಿಗೆಗೆ ಮುಂಚೆ. ದೀರ್ಘಾವಧಿಯ ಚಿಕಿತ್ಸೆಯಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಜೊತೆಗೆ ಸುಮಾರು ಆರು ತಿಂಗಳಿಗೊಮ್ಮೆ ಮೂತ್ರಪಿಂಡ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆ ಬೇಕು.

ನಮ್ಮ ಸೀಮೆಯವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ದೇಹದಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು, ನೀರೂ ಕುಡಿಯದೆ ಉಪವಾಸ ಇರುವವರು, ರಮ್ಜಾನಿನ ರೋಜಾ ಹಿಡಿಯುವವರು, ವಾಂತಿಭೇದಿಯಾದವರು ತಮ್ಮ ವೈದ್ಯರನ್ನು ಮುಂಚಿತವಾಗಿಯೇ ಕೇಳಿಕೊಂಡಿರಬೇಕು. ಮೊಣಕಾಲು ನೋವೆಂದು ಔಷಧದಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆಗಳು, ರಕ್ತದೊತ್ತಡದ ಕೆಲವು ಔಷಧಗಳು ಕೂಡ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಕಂಡುಬಂದರೆ ಅದು ಲಿಥಿಯಂ ವಿಷವೇರಿಕೆಯಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಎನ್ನುವಂತಿಲ್ಲ.

ಇತರ ಔಷಧಗಳ ಬಗ್ಗೆ ಎರಡು ಮಾತು ಸಾಕು. ವಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡಬಲ್ಲದು, ಹಾಗಾಗಿ ಮಕ್ಕಳಾಗುವ ವಯಸ್ಸಿನ ಮಹಿಳೆಯರಿಗೆ ಅದನ್ನು ಬರೆದಿದ್ದರೆ ಬೇರೆ ದಾರಿಯಿದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಖಿನ್ನತೆಯಿದೆಯೆಂದು ಬೈಪೋಲಾರ್ ರೋಗಿಗೆ ಖಿನ್ನತೆ ನಿವಾರಕ ಗುಳಿಗೆಯೊಂದನ್ನೇ ಕೊಟ್ಟರೆ ಅದು ಮೇನಿಯಾಕ್ಕೆ ತಳ್ಳುವ ಅಪಾಯವಿದೆ. ಬೇರೆ ವೈದ್ಯರ ಬಳಿ ಹೋದಾಗಲೆಲ್ಲ ಹಳೆಯ ಚೀಟಿಗಳನ್ನು ತೋರಿಸಲೇಬೇಕು ಎನ್ನುವುದು ಇದಕ್ಕಾಗಿಯೇ.

ಎರಡನೆಯ ಹಂತ: ಮನೋಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕು

ಗುಳಿಗೆ ತಪ್ಪದೆ ತೆಗೆದುಕೊಂಡವರಲ್ಲೂ ಕಾಯಿಲೆ ಮರುಕಳಿಸುವುದುಂಟು. ನಿದ್ದೆಗೇಡು, ಮನೆಯ ಜಗಳ, ಸಾವು, ಹೆರಿಗೆ, ಬೆಳೆನಷ್ಟ, ಕೆಲಸದ ಪಾಳಿ ಬದಲಾವಣೆ ಇವೆಲ್ಲ ಗುಳಿಗೆಯ ತಡೆಯನ್ನು ದಾಟಿ ಬರುತ್ತವೆ. ಮನೋಚಿಕಿತ್ಸೆಯ ಕೆಲಸ ಅಲ್ಲಿ.

ಇದಕ್ಕೆ ಪುರಾವೆಯಿದೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಕೊಲೋಮ್ ಮತ್ತು ವಿಯೆಟಾ ಅವರ ತಂಡ ಕಾಯಿಲೆ ಶಾಂತವಾಗಿದ್ದ 120 ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಗುಂಪಾಗಿ ಕೂರಿಸಿ 21 ತರಗತಿಗಳಲ್ಲಿ ಕಾಯಿಲೆಯ ತಿಳಿವಳಿಕೆ ಕೊಟ್ಟಿತು. ಇನ್ನರ್ಧ ಜನ ಅಷ್ಟೇ ಸಲ ಸೇರಿ ಸುಮ್ಮನೆ ಮಾತಾಡಿದರು. ಎಲ್ಲರೂ ಗುಳಿಗೆಯಲ್ಲೇ ಇದ್ದರು. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಿಳಿವಳಿಕೆ ಪಡೆದವರಲ್ಲಿ ಮರುಕಳಿಕೆ ಸ್ಪಷ್ಟವಾಗಿ ಕಡಿಮೆಯಿತ್ತು, ಐದು ವರ್ಷಗಳ ನಂತರವೂ ಆ ಲಾಭ ಉಳಿದಿತ್ತು. ಇಂಗ್ಲೆಂಡಿನಲ್ಲಿ 69 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಲಿಸಿದ್ದು ಇಷ್ಟೇ: ಕಾಯಿಲೆ ಶುರುವಾಗುವ ಮುನ್ಸೂಚನೆಗಳನ್ನು ಗುರುತಿಸಿ ಬೇಗ ವೈದ್ಯರ ಬಳಿಗೆ ಬರುವುದು. ಏಳರಿಂದ ಹನ್ನೆರಡು ಭೇಟಿಗಳ ಆ ಕಲಿಕೆಯಿಂದ ಮುಂದಿನ ಮೇನಿಯಾ ಬಹಳ ದೂರ ಸರಿಯಿತು, ಆದರೆ ಖಿನ್ನತೆಯ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಅಮೆರಿಕದಲ್ಲಿ ಖಿನ್ನತೆಯ ಹಂತದಲ್ಲಿದ್ದ 293 ಬೈಪೋಲಾರ್ ರೋಗಿಗಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟವಾದ ವರದಿಯಲ್ಲಿ, ಒಂಬತ್ತು ತಿಂಗಳ ತೀವ್ರ ಮನೋಚಿಕಿತ್ಸೆ ಪಡೆದವರಲ್ಲಿ ವರ್ಷದೊಳಗೆ ಚೇತರಿಸಿಕೊಂಡವರು ಶೇ. 64ರಷ್ಟಿದ್ದರೆ, ಮೂರೇ ಭೇಟಿಗಳ ತಿಳಿವಳಿಕೆ ಪಡೆದವರಲ್ಲಿ ಆ ಪ್ರಮಾಣ ಶೇ. 52ರ ಆಸುಪಾಸಿನಲ್ಲಿತ್ತು.

ಎಲ್ಲ ಅಧ್ಯಯನಗಳೂ ಹೀಗೆ ಹೊಳೆಯುವುದಿಲ್ಲ. ಆಲೋಚನಾ ಕ್ರಮವನ್ನು ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಯ ಒಂದು ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಂಡುಬರಲಿಲ್ಲ. ಕಾಯಿಲೆ ಹನ್ನೆರಡಕ್ಕಿಂತ ಕಡಿಮೆ ಸಲ ಬಂದಿದ್ದವರಿಗೆ ಮಾತ್ರ ಅದು ನೆರವಾದಂತೆ ತೋರಿತು. ನನಗೆ ಇದರಿಂದ ತಿಳಿಯುವುದೇನೆಂದರೆ, ಮನೋಚಿಕಿತ್ಸೆಯನ್ನು ಹತ್ತನೆಯ ಸಲ ಆಸ್ಪತ್ರೆ ಸೇರಿದ ಮೇಲೆ ಕೊನೆಯ ಉಪಾಯವೆಂದು ಹಿಡಿಯುವುದು ತಡ. ಮೊದಲ ಇಲ್ಲವೇ ಎರಡನೆಯ ಸಲ ಗುಣವಾದ ಕೂಡಲೇ ಶುರು ಮಾಡಬೇಕು. ಇನ್ನು, ಮೇನಿಯಾ ಉಕ್ಕಿರುವ ವಾರಗಳಲ್ಲಿ ಇದನ್ನು ಆರಂಭಿಸಲು ಹೊರಟರೆ ಯಾರಿಗೂ ಉಪಯೋಗವಾಗದು. ಮನಸ್ಸು ಕುಳಿತುಕೊಳ್ಳುವ ಸ್ಥಿತಿಗೆ ಬರಲಿ.

ಮೂರನೆಯ ಹಂತ: ಯಾರ ಬಳಿ ಹೋಗುವುದು

ಗುಳಿಗೆ ಬರೆಯುವವರು ಮನೋವೈದ್ಯರು. ಮನೋಚಿಕಿತ್ಸೆಯನ್ನು ಬಹುತೇಕ ಕಡೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲವೇ ಮನೋವೈದ್ಯಕೀಯ ಸಮಾಜಕಾರ್ಯಕರ್ತರು. ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿಯಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವಾರಾಂತ್ಯದ ತರಬೇತಿಯ ಪ್ರಮಾಣಪತ್ರ ಹಿಡಿದು ಬೋರ್ಡು ಹಾಕಿದವರು ಈ ಕಾಯಿಲೆಗೆ ಸಾಲುವುದಿಲ್ಲ.

ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್, ಕೆಎಲ್‌ಇ ಆಸ್ಪತ್ರೆ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ ಮೊದಲಾದೆಡೆ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ ಶುರು ಮಾಡಬಹುದು. ಧಾರವಾಡದ ಡಿಮ್ಹಾನ್ಸ್ ಈ ಭಾಗದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. ಬೆಳಗಾವಿಯವರಿಗೆ ಅದು ಒಂದೆರಡು ತಾಸಿನ ದಾರಿ, ವಿಜಯಪುರದವರಿಗೆ ಇಡೀ ದಿನದ ಪ್ರಯಾಣ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ತಿಳಿದುಕೊಂಡರೆ ಬಸ್ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಭಾಷೆಯ ಮಾತು ಚಿಕ್ಕದಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಮನೆಯಲ್ಲಿ ಮರಾಠಿ, ವಿಜಯಪುರದ ಮನೆಯಲ್ಲಿ ಉರ್ದು ಇರಬಹುದು. ಗುಳಿಗೆಗೆ ಭಾಷೆ ಬೇಕಿಲ್ಲ, ಮನೋಚಿಕಿತ್ಸೆಗೆ ಬೇಕು. ರೋಗಿ ಬೈಯುವ, ಅಳುವ, ಪ್ರಾರ್ಥಿಸುವ ಭಾಷೆಯಲ್ಲಿ ಮಾತಾಡಬಲ್ಲ ಚಿಕಿತ್ಸಕರನ್ನು ಹುಡುಕಿ. ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೆ: ಬೈಪೋಲಾರ್ ರೋಗಿಗಳೊಡನೆ ಕೆಲಸ ಮಾಡಿದ್ದೀರಾ? ನಮ್ಮ ಮನೋವೈದ್ಯರೊಡನೆ ಮಾತಾಡುತ್ತೀರಾ? ಮನೆಯವರನ್ನು ಯಾವಾಗ ಸೇರಿಸಿಕೊಳ್ಳುತ್ತೀರಿ? ಎಷ್ಟು ಭೇಟಿಗಳಾಗಬಹುದು? ಗುಳಿಗೆ ಬಿಡಿಸುತ್ತೇನೆಂದು ಹೇಳುವವರ ಬಳಿ ಎರಡನೆಯ ಸಲ ಹೋಗಬೇಡಿ.

ದೇವರ ಗುಡಿಗೆ, ದರ್ಗಾಕ್ಕೆ ಹೋಗುವವರು ಹೋಗಲಿ. ಗುಳಿಗೆಯ ಪೊಟ್ಟಣ ಚೀಲದಲ್ಲಿರಲಿ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗಲಿ.

ನಾಲ್ಕನೆಯ ಹಂತ: ಕಾಯಿಲೆಯ ಚರಿತ್ರೆಯನ್ನು ಹಾಳೆಯ ಮೇಲೆ ಬರೆಯುವುದು

ಚಿಕಿತ್ಸಕರು ಸಾಮಾನ್ಯವಾಗಿ ಮೊದಲ ಕೆಲವು ಭೇಟಿಗಳಲ್ಲಿ ಹಾಳೆಯೊಂದರ ನಡುವೆ ಅಡ್ಡಗೆರೆ ಎಳೆದು, ಮೇಲೆ ಮೇನಿಯಾ, ಕೆಳಗೆ ಖಿನ್ನತೆ ಎಂದು ವರ್ಷವಾರು ಗುರುತು ಮಾಡಿಸುತ್ತಾರೆ. ತಾರೀಖು ನೆನಪಿಲ್ಲ ಎನ್ನುವವರಿಗೂ ಹಬ್ಬಹುಣ್ಣಿಮೆ ನೆನಪಿರುತ್ತವೆ: ಕಾರಹುಣ್ಣಿಮೆಯ ಮುಂದೆ, ಸಿದ್ಧೇಶ್ವರ ಜಾತ್ರೆಯ ಹಿಂದೆ, ತಂಗಿಯ ಮದುವೆಯ ವಾರ, ಕಬ್ಬಿನ ಹಂಗಾಮು ಶುರುವಾದಾಗ. ಪ್ರತಿ ಏರಿಳಿತದ ಪಕ್ಕದಲ್ಲಿ ಆಗ ಗುಳಿಗೆ ನಡೆಯುತ್ತಿತ್ತೇ, ನಿದ್ದೆ ಹೇಗಿತ್ತು, ಕುಡಿತವಿತ್ತೇ, ಮನೆಯಲ್ಲಿ ಏನು ನಡೆದಿತ್ತು ಎಂದು ಬರೆಯಬೇಕು. ಈ ಹಾಳೆ ಮುಗಿದಾಗ ಅನೇಕರಿಗೆ ತಮ್ಮ ಕಾಯಿಲೆ ಕಾರಣವಿಲ್ಲದೆ ಎರಗುವುದಲ್ಲ, ಅದಕ್ಕೊಂದು ಹಾದಿಯಿದೆ ಎಂಬುದು ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಗುಳಿಗೆಯನ್ನು ಏಕೆ ಬಿಟ್ಟೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಹೊರಬರುವುದೂ ಈ ಹಾಳೆಯ ಮುಂದೆಯೇ. ಮನೆಯಲ್ಲಿ ಕೇಳಿದರೆ "ಮರೆತೆ" ಎನ್ನುತ್ತಾರೆ. ಚಿಕಿತ್ಸಕರ ಮುಂದೆ ಬೇರೆ ಮಾತು ಬರುತ್ತದೆ: ಮೈ ದಪ್ಪವಾಯಿತು, ಕೈ ನಡುಗಿ ಚಹಾದ ಕಪ್ಪು ಹಿಡಿಯಲಾಗಲಿಲ್ಲ, ಹೆಣ್ಣು ನೋಡಲು ಬಂದವರಿಗೆ ಗೊತ್ತಾದರೆ ಎಂಬ ಹೆದರಿಕೆ, ತಿಂಗಳ ಖರ್ಚು. ಎಲ್ಲಕ್ಕಿಂತ ಗಟ್ಟಿಯಾದ ಕಾರಣವನ್ನು ಹೇಳಲು ಜನ ನಾಚುತ್ತಾರೆ. ಏರಿನ ಆರಂಭದ ಆ ದಿನಗಳಲ್ಲಿ ತಾನು ಚುರುಕಾಗಿದ್ದೆ, ಹಾಡು ಬರುತ್ತಿತ್ತು, ಹತ್ತು ಆಳಿನ ಕೆಲಸ ಮಾಡುತ್ತಿದ್ದೆ, ಗುಳಿಗೆ ಅದನ್ನು ಕಿತ್ತುಕೊಂಡಿತು ಎಂಬ ಕೊರಗು ಅದು. ಈ ಕೊರಗನ್ನು ತಳ್ಳಿಹಾಕಬಾರದು. ಅದನ್ನು ಮನಬಿಚ್ಚಿ ಹೇಳಿಕೊಳ್ಳಲು ಮನೋಚಿಕಿತ್ಸೆಯ ಕೋಣೆಯಷ್ಟು ಒಳ್ಳೆಯ ಜಾಗ ಬೇರಿಲ್ಲ. ಕಾರಣ ಹೊರಬಂದರೆ ವೈದ್ಯರು ಪ್ರಮಾಣ ತಗ್ಗಿಸಬಹುದು, ಔಷಧ ಬದಲಿಸಬಹುದು. ಕದ್ದುಮುಚ್ಚಿ ಬಿಟ್ಟರೆ ಯಾವುದಕ್ಕೂ ದಾರಿಯಿಲ್ಲ. ಅದರಲ್ಲೂ ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಮುಂದಿನ ತಿಂಗಳುಗಳಲ್ಲಿ ಮೇನಿಯಾ ಬರುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದರೆ ವೈದ್ಯರ ಕಣ್ಗಾವಲಿನಲ್ಲಿ, ಕನಿಷ್ಠ ನಾಲ್ಕು ವಾರಗಳಲ್ಲಿ, ಸಾಧ್ಯವಾದರೆ ಮೂರು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಐದನೆಯ ಹಂತ: ದಿನಕ್ಕೆ ಐದು ಗೂಟ

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಎಲೆನ್ ಫ್ರಾಂಕ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ತಂಡ ರೂಪಿಸಿದ ಚಿಕಿತ್ಸೆಯೊಂದು ದಿನಚರಿಯ ಲಯವನ್ನೇ ಮದ್ದಾಗಿ ಹಿಡಿಯುತ್ತದೆ. ಬೈಪೋಲಾರ್ ಇರುವವರ ದೇಹದ ಗಡಿಯಾರ ಸುಲಭವಾಗಿ ತಪ್ಪುತ್ತದೆ, ಗಡಿಯಾರ ತಪ್ಪಿದರೆ ನಿದ್ದೆ ತಪ್ಪುತ್ತದೆ, ನಿದ್ದೆ ತಪ್ಪಿದರೆ ಮನಸ್ಥಿತಿ ಜಾರುತ್ತದೆ ಎಂಬುದು ಅದರ ತಿರುಳು. ಅದರಲ್ಲಿ ರೋಗಿ ಪ್ರತಿದಿನ ಐದು ಹೊತ್ತುಗಳನ್ನು ಬರೆದಿಡುತ್ತಾನೆ: ಹಾಸಿಗೆಯಿಂದ ಎದ್ದ ಹೊತ್ತು, ಮೊದಲ ಸಲ ಇನ್ನೊಬ್ಬರೊಡನೆ ಮಾತಾಡಿದ ಹೊತ್ತು, ಕೆಲಸ ಶುರು ಮಾಡಿದ ಹೊತ್ತು, ರಾತ್ರಿ ಊಟದ ಹೊತ್ತು, ಮಲಗಿದ ಹೊತ್ತು.

ನೀವು ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಇದನ್ನು ಇವತ್ತೇ ಆರಂಭಿಸಬಹುದು. ಎರಡು ವಾರ ಏನನ್ನೂ ಬದಲಿಸದೆ ಇದ್ದದ್ದನ್ನು ಇದ್ದಂತೆ ಬರೆಯಿರಿ, ಪಕ್ಕದಲ್ಲಿ ಮನಸ್ಥಿತಿಗೆ ಮೈನಸ್ ಐದರಿಂದ (ತೀರ ಕುಗ್ಗಿದ್ದು) ಪ್ಲಸ್ ಐದರವರೆಗೆ (ತೀರ ಏರಿದ್ದು) ಒಂದು ಅಂಕ ಕೊಡಿ. ಆಮೇಲೆ ಎಲ್ಲಕ್ಕಿಂತ ಹೆಚ್ಚು ಓಲಾಡುವ ಒಂದೇ ಹೊತ್ತನ್ನು ಆರಿಸಿ ಸರಿಪಡಿಸಿ. ನನ್ನ ಸಲಹೆ, ಏಳುವ ಹೊತ್ತಿನಿಂದ ಶುರು ಮಾಡಿ. ಮಲಗಿದ ಕೂಡಲೇ ನಿದ್ದೆ ಬರಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ, ಬೆಳಿಗ್ಗೆ ಆರಕ್ಕೆ ಎದ್ದು ಅಂಗಳದ ಬೆಳಕಿಗೆ ಬಂದು ನಿಲ್ಲುವುದು ಬಹುಮಟ್ಟಿಗೆ ಇದೆ. ಹಬ್ಬವಿರಲಿ, ರಜೆಯಿರಲಿ, ಏಳುವ ಹೊತ್ತು ಅರ್ಧ ತಾಸಿಗಿಂತ ಹೆಚ್ಚು ಸರಿಯದಿರಲಿ.

ಕಷ್ಟವೆನಿಸುವುದು ಇಲ್ಲಿನ ಬದುಕಿನ ಕ್ರಮವೇ. ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಗಳು ಮೂರು ಪಾಳಿಯಲ್ಲಿ ನಡೆಯುತ್ತವೆ. ಮುಧೋಳದ ಕಾರ್ಖಾನೆಯೊಂದರಲ್ಲಿ ದುಡಿಯುವವರು ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಎಂದು ತಿರುಗಿದರೆ ಆ ಐದು ಹೊತ್ತುಗಳಲ್ಲಿ ಒಂದೂ ನಿಲ್ಲುವುದಿಲ್ಲ. ಇಂಥವರು ವೈದ್ಯರಿಂದ ಪತ್ರ ಬರೆಸಿಕೊಂಡು ಕಾಯಂ ಹಗಲು ಪಾಳಿ ಕೇಳಬೇಕು. ಪತ್ರದಲ್ಲಿ ಕಾಯಿಲೆಯ ಹೆಸರು ಇರಲೇಬೇಕೆಂದಿಲ್ಲ, ರಾತ್ರಿ ಪಾಳಿ ಆರೋಗ್ಯಕ್ಕೆ ಹಾನಿ ಎಂದಿದ್ದರೆ ಸಾಕು. ಬನಹಟ್ಟಿ, ಗುಳೇದಗುಡ್ಡಗಳ ಮಗ್ಗದ ಮನೆಗಳಲ್ಲಿ ಹಬ್ಬದ ಮುಂದೆ ರಾತ್ರಿಯಿಡೀ ದುಡಿಯುವ ರೂಢಿಯಿದ್ದರೆ ಆ ರಾತ್ರಿಗಳು ಮನೆಯ ಬೇರೆಯವರ ಪಾಲಿಗಿರಲಿ.

ಜಾತ್ರೆ, ಮದುವೆಗಳ ಬಗ್ಗೆ ಹೆಚ್ಚಿನ ಕಾಳಜಿಯಿಂದ ಹೇಳಬೇಕಾಗಿದೆ, ಏಕೆಂದರೆ ಅವುಗಳಿಂದ ರೋಗಿಯನ್ನು ದೂರವಿಟ್ಟರೆ ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಆಟ ಬೆಳತನಕ ನಡೆಯುತ್ತದೆ. ಶಿವರಾತ್ರಿಗೆ ಜಾಗರಣೆಯಿದೆ, ಊರ ಭಜನಾ ಮೇಳಕ್ಕೆ ರಾತ್ರಿಯೇ ಹೊತ್ತು. ರಥ ಎಳೆಯುವ ಸಂಜೆಗೆ ಹೋಗಿ, ಮೊದಲ ಆಟ ನೋಡಿ, ಹತ್ತಕ್ಕೆ ಮರಳುವುದು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ, ಜೊತೆಗೆ ಮರಳುವವರು ಯಾರೆಂದೂ ಗೊತ್ತು ಮಾಡಿಕೊಳ್ಳಿ. ಒಂದು ರಾತ್ರಿ ತಪ್ಪಿದರೆ ಮರುರಾತ್ರಿ ಏನೇ ಆದರೂ ಹೊತ್ತಿಗೆ ಮಲಗಬೇಕು. ಎರಡು ರಾತ್ರಿ ಸತತವಾಗಿ ನಿದ್ದೆ ತಪ್ಪಿದರೆ ವೈದ್ಯರಿಗೆ ಕರೆ ಮಾಡಬೇಕು.

ಹೆರಿಗೆ ಇದೆಲ್ಲಕ್ಕಿಂತ ಗಂಭೀರ. ಬೈಪೋಲಾರ್ ಇರುವ ಮಹಿಳೆಗೆ ಹೆರಿಗೆಯ ನಂತರದ ಮೊದಲ ವಾರಗಳು ಮರುಕಳಿಕೆಯ ಅಪಾಯ ಅತಿ ಹೆಚ್ಚಿರುವ ಕಾಲ. ಗರ್ಭಿಣಿಯಾಗುವ ಮುಂಚೆಯೇ ಮನೋವೈದ್ಯರನ್ನೂ ಪ್ರಸೂತಿ ವೈದ್ಯರನ್ನೂ ಕಂಡು ಯಾವ ಗುಳಿಗೆ, ಎದೆಹಾಲಿನ ವಿಷಯ ಹೇಗೆ ಎಂದು ತೀರ್ಮಾನಿಸಿಕೊಳ್ಳಬೇಕು. ತವರಿಗೆ ಬಂದ ಬಾಣಂತಿ ರಾತ್ರಿಯಲ್ಲಿ ಒಂದೇ ಸಮ ಐದಾರು ತಾಸು ಮಲಗುವಂತೆ ಕೂಸನ್ನು ನೋಡಿಕೊಳ್ಳುವ ಸರದಿಯನ್ನು ತಾಯಿ, ಅಕ್ಕತಂಗಿಯರು ಹಂಚಿಕೊಳ್ಳಬೇಕು.

ಆರನೆಯ ಹಂತ: ಮುನ್ಸೂಚನೆಗಳ ಪಟ್ಟಿ

ಮರುಕಳಿಕೆ ತಡೆಯುವ ಕೆಲಸದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ ಎನ್ನುತ್ತೇನೆ.

ಪ್ರತಿ ರೋಗಿಯ ಕಾಯಿಲೆಗೂ ತನ್ನದೇ ಆರಂಭವಿದೆ, ಅದು ಪ್ರತಿ ಸಲ ಬಹುತೇಕ ಒಂದೇ ರೀತಿಯಲ್ಲಿ ಬರುತ್ತದೆ. ಪುಸ್ತಕದ ಪಟ್ಟಿ ನಿಮಗೆ ಸಾಲದು, ನಿಮ್ಮದೇ ಬೇಕು. ಒಬ್ಬ ದ್ರಾಕ್ಷಿ ಬೆಳೆಗಾರನನ್ನು ಊಹಿಸಿಕೊಳ್ಳಿ. ಅವನ ಹೆಂಡತಿ, ತಮ್ಮ, ಚಿಕಿತ್ಸಕ ಕೂತು ಕಳೆದ ಎರಡು ಸಲದ ಮೇನಿಯಾವನ್ನು ಹಿಂದಕ್ಕೆ ಬಿಚ್ಚುತ್ತಾ ಹೋದಾಗ ಸಿಗುವುದು ಇಂಥವು: ಬೆಳಿಗ್ಗೆ ನಾಲ್ಕಕ್ಕೇ ಎದ್ದು ತೋಟಕ್ಕೆ ಹೋದ, ಎಂದೂ ಮಾತಾಡಿಸದ ದೂರದ ನೆಂಟರಿಗೆ ಫೋನ್ ಹಚ್ಚತೊಡಗಿದ, ಬಿಳಿ ಅಂಗಿ ಬಿಟ್ಟು ಬಣ್ಣದ ಅಂಗಿ ತೊಟ್ಟ, ವಾಟ್ಸ್ಯಾಪಿನಲ್ಲಿ ರಾತ್ರಿ ಎರಡಕ್ಕೆ ಉದ್ದುದ್ದ ಸಂದೇಶ, ಹೊಸ ಬೋರ್‌ವೆಲ್ ಕೊರೆಸುವ ಮಾತು, ರೊಟ್ಟಿ ಅರ್ಧಕ್ಕೆ ಬಿಟ್ಟು ಏಳುವುದು. ಇವುಗಳಲ್ಲಿ ಬಣ್ಣದ ಅಂಗಿ ಎರಡೂ ಸಲ ಆಸ್ಪತ್ರೆಗೆ ಎರಡು ವಾರ ಮುಂಚೆ ಬಂದಿತ್ತೆಂದು ಹೆಂಡತಿಗೆ ನೆನಪಾಗುತ್ತದೆ. ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲದ ಆ ಅಂಗಿಯೇ ಈ ಮನೆಗೆ ಅತಿ ನಂಬಿಕೆಯ ಗುರುತು.

ಇವನ್ನು ಮೂರು ಸಾಲುಗಳಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ತುಂಬ ಮುಂಚಿನ ಗುರುತುಗಳು, ಎರಡನೆಯದರಲ್ಲಿ ಇನ್ನು ತಡಮಾಡುವಂತಿಲ್ಲ ಎನ್ನುವವು, ಮೂರನೆಯದರಲ್ಲಿ ಅಪಾಯದವು. ಪ್ರತಿ ಸಾಲಿನ ಮುಂದೆ ಏನು ಮಾಡಬೇಕೆಂದು ಬರೆಯಿರಿ. ಮೊದಲನೆಯದಕ್ಕೆ: ಚಹಾ ಕಾಫಿ ಸಂಜೆ ಬಿಡುವುದು, ಮೊಬೈಲ್ ಒಂಬತ್ತಕ್ಕೆ ಬೇರೆ ಕೋಣೆಯಲ್ಲಿಡುವುದು, ಪ್ರಯಾಣ ಮುಂದೂಡುವುದು, ಚಿಕಿತ್ಸಕರಿಗೆ ತಿಳಿಸುವುದು. ಎರಡನೆಯದಕ್ಕೆ: ಮನೋವೈದ್ಯರಿಗೆ ಎರಡು ದಿನದೊಳಗೆ ತೋರಿಸುವುದು. ವೈದ್ಯರು ಮುಂಚೆಯೇ ಒಪ್ಪಿ ಬರೆದುಕೊಟ್ಟಿದ್ದರೆ ಮಾತ್ರ ನಿದ್ದೆಯ ಹೆಚ್ಚುವರಿ ಗುಳಿಗೆಯನ್ನು ಶುರು ಮಾಡುವುದು. ಮೂರನೆಯದಕ್ಕೆ: ಯಾವ ಆಸ್ಪತ್ರೆ, ಯಾರ ವಾಹನ, ಯಾರ ಮಾತನ್ನು ಇವನು ಕೇಳುತ್ತಾನೆ. ಕೊನೆಯದನ್ನು ಮರೆಯಬೇಡಿ, ಆ ಹೊತ್ತಿನಲ್ಲಿ ಅಣ್ಣನ ಮಾತು ಕೇಳದವನು ಶಾಲೆಯ ಮಾಸ್ತರರ ಮಾತು ಕೇಳಬಹುದು.

ಹಣಕ್ಕೆ ಎರಡು ನಿಯಮಗಳನ್ನು ಚಿಕಿತ್ಸಕರು ಬಹುಕಾಲದಿಂದ ಕಲಿಸುತ್ತಾ ಬಂದಿದ್ದಾರೆ. ದೊಡ್ಡ ವ್ಯವಹಾರದ ಯಾವ ಯೋಚನೆ ಬಂದರೂ 48 ತಾಸು ಕಾಯುವುದು ಒಂದು. ನಂಬಿಕೆಯ ಇಬ್ಬರ ಒಪ್ಪಿಗೆಯಿಲ್ಲದೆ ಸಹಿ ಮಾಡದಿರುವುದು ಇನ್ನೊಂದು. ಟ್ರ್ಯಾಕ್ಟರ್ ಸಾಲ, ಹೊಲದ ಮಾರಾಟ, ಆನ್‌ಲೈನ್ ಆಟ, ಬಂಗಾರದ ಒತ್ತೆ ಎಲ್ಲಕ್ಕೂ ಇದು ಅನ್ವಯ. ಆರಾಮವಿದ್ದಾಗ ರೋಗಿಯೇ ಒಪ್ಪಿ ಮಾಡಿದ ನಿಯಮವಾದರೆ ಏರಿನ ಹೊತ್ತಿನಲ್ಲೂ ಅದಕ್ಕೆ ಸ್ವಲ್ಪ ಬೆಲೆ ಇರುತ್ತದೆ. ಮನೆಯವರು ಹೇರಿದ್ದಾದರೆ ಅದೇ ಜಗಳದ ಮೊದಲ ವಿಷಯ.

ಖಿನ್ನತೆಯ ಗುರುತುಗಳ ಪಟ್ಟಿ ಬೇರೆ ಬೇಕು, ಅವು ಮೆಲ್ಲಗೆ ಬರುತ್ತವೆ. ಗಡ್ಡ ಬೋಳಿಸದಿರುವುದು, ಕಟ್ಟೆಗೆ ಹೋಗದಿರುವುದು, ಫೋನ್ ಎತ್ತದಿರುವುದು, ಬೆಳಗಿನ ಜಾವ ಎಚ್ಚರವಾಗಿ ಸುಮ್ಮನೆ ಮಲಗಿರುವುದು. ಇಲ್ಲಿ ಚಿಕಿತ್ಸೆಯ ದಿಕ್ಕು ತಿರುಗುಮುರುಗು: ಏರಿನಲ್ಲಿ ಚಟುವಟಿಕೆ ತಗ್ಗಿಸುತ್ತೇವೆ, ಇಳಿತದಲ್ಲಿ ಮನಸ್ಸು ಬರಲೆಂದು ಕಾಯದೆ ಚಿಕ್ಕ ಚಿಕ್ಕ ಕೆಲಸಗಳನ್ನು ಹೊತ್ತಿಗೆ ಕಟ್ಟಿ ಮಾಡುತ್ತೇವೆ. ಎಮ್ಮೆಗೆ ಮೇವು ಹಾಕುವುದು, ಬಾವಿಯವರೆಗೆ ನಡೆದು ಬರುವುದು ಸಾಕು. ಬದುಕು ಬೇಡ ಎಂಬ ಮಾತು ಬಂದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ರೈತರ ಮನೆಯಲ್ಲಿ ಕೀಟನಾಶಕವನ್ನು ಮನೆಯಿಂದ ಹೊರಗೆ, ಬೀಗ ಹಾಕಿ, ಬೀಗದ ಕೈ ಇನ್ನೊಬ್ಬರ ಬಳಿ ಇರುವಂತೆ ನೋಡಿಕೊಳ್ಳಿ. ಗುಳಿಗೆಗಳನ್ನೂ ಒಂದೇ ಸಲ ತಿಂಗಳುಗಟ್ಟಲೆ ತಂದಿಡಬೇಡಿ. ಆ ರಾತ್ರಿ ರೋಗಿಯನ್ನು ಒಬ್ಬರನ್ನೇ ಬಿಡದೆ 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಏಳನೆಯ ಹಂತ: ಮನೆಯವರ ಪಾಠ

ಮನೆಯವರ ಮಾತಿನ ಧಾಟಿ ಮರುಕಳಿಕೆಯ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಬಹಳ ಹಿಂದೆಯೇ ತಿಳಿದ ಸಂಗತಿ. ಸದಾ ಚುಚ್ಚುವ, ಹೀಯಾಳಿಸುವ, ಅಥವಾ ಅತಿ ಕಾಳಜಿಯಿಂದ ಎಲ್ಲದರಲ್ಲೂ ತಲೆಹಾಕುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಸಲ ಮರಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮಿಕ್ಲೋವಿಟ್ಜ್ ರೂಪಿಸಿದ ಕುಟುಂಬ ಚಿಕಿತ್ಸೆ ಸುಮಾರು ಒಂಬತ್ತು ತಿಂಗಳಲ್ಲಿ 21 ಭೇಟಿಗಳದು. ಅದರಲ್ಲಿ ಮೊದಲು ಕಾಯಿಲೆಯ ತಿಳಿವಳಿಕೆ, ಆಮೇಲೆ ಮಾತಾಡುವ ಮತ್ತು ಕೇಳಿಸಿಕೊಳ್ಳುವ ಅಭ್ಯಾಸ, ಕೊನೆಗೆ ಸಮಸ್ಯೆ ಬಿಡಿಸುವ ಕ್ರಮ. ಇಡೀ ಚಿಕಿತ್ಸೆ ಸಿಗದ ಊರಿನಲ್ಲೂ ಇದರ ಒಂದೆರಡು ಪಾಠಗಳನ್ನು ಮನೆಯಲ್ಲಿ ನಡೆಸಬಹುದು.

ರೋಗಿ ಸಿಟ್ಟಾದಾಗಲೆಲ್ಲ "ಗುಳಿಗಿ ತಗೊಂಡಿಯಿಲ್ಲೋ?" ಎಂದು ಕೇಳುವುದನ್ನು ಬಿಡಿ. ಸಿಟ್ಟು ಬರಲು ಆ ಮನುಷ್ಯನಿಗೂ ಹಕ್ಕಿದೆ. ಗುಳಿಗೆಯ ವಿಚಾರಣೆ ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಒಬ್ಬರಿಂದ ಮಾತ್ರ ಇರಲಿ. "ನೀ ಯಾವಾಗ್ಲೂ ಹಿಂಗ" ಎನ್ನುವ ಬದಲು "ನಿನ್ನೆ ರಾತ್ರಿ ಒಂದರವರೆಗೆ ಎಚ್ಚರ ಇದ್ದಿ, ನನಗ ಚಿಂತಿ ಆತು" ಎನ್ನಿ. ಅದು ಕಂಡದ್ದನ್ನು ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಖಿನ್ನತೆಯಲ್ಲಿ ಮಲಗಿದ ಸೊಸೆಯನ್ನು ಸೋಮಾರಿ ಎನ್ನುವ ಅತ್ತೆ ಚಿಕಿತ್ಸಕರ ಕೋಣೆಗೆ ಒಮ್ಮೆ ಬಂದು ಹೋದರೆ ಮನೆಯ ಗಾಳಿಯೇ ಬದಲಾಗಬಹುದು, ಹಾಗಾಗಿ ಕರೆದಾಗ ಗಂಡ ಒಬ್ಬನೇ ಹೋಗದೆ ಮನೆಯ ಹಿರಿಯರನ್ನೂ ಕರೆದೊಯ್ಯಲಿ. ಮನೆಯವರಿಗೂ ದಣಿವಾಗುತ್ತದೆ, ಅವರಿಗೂ ಒಂದೆರಡು ಭೇಟಿ ಬೇಕೆಂದು ಕೇಳಲು ಹಿಂಜರಿಯಬಾರದು.

ಕುಡಿತ ಬಿಡುವುದು ಈ ಚಿಕಿತ್ಸೆಯ ಭಾಗವೇ. ಮದ್ಯ ನಿದ್ದೆಯನ್ನು ಕೆಡಿಸುತ್ತದೆ, ಗುಳಿಗೆಯೊಡನೆ ಸೇರಿ ಮಂಪರು ಹೆಚ್ಚಿಸುತ್ತದೆ, ಆತ್ಮಹತ್ಯೆಯ ಅಪಾಯ ಏರಿಸುತ್ತದೆ.

ಎಂಟನೆಯ ಹಂತ: ಕಾಗದಪತ್ರ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಯಸ್ಕ ವ್ಯಕ್ತಿ ತಾನು ಆರಾಮವಿರುವಾಗ ಮುಂಗಡ ನಿರ್ದೇಶನ ಬರೆದಿಡಬಹುದು: ಮುಂದೆ ಕಾಯಿಲೆ ಉಲ್ಬಣಿಸಿ ನಿರ್ಧರಿಸುವ ಶಕ್ತಿ ಇಲ್ಲದಾದಾಗ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕಿಲ್ಲ. ನಮೂನೆ ಮತ್ತು ಕ್ರಮವನ್ನು ಆಸ್ಪತ್ರೆಯ ಸಮಾಜಕಾರ್ಯಕರ್ತರು ತಿಳಿಸುತ್ತಾರೆ. ಇದೇ ಕಾಯ್ದೆ ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ಇರಬೇಕೆನ್ನುತ್ತದೆ, ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ಚಿಕಿತ್ಸಕರ ಬಳಿ ಹೇಳಿದ್ದು ಊರಿಗೆ ತಿಳಿದೀತೆಂಬ ಅಂಜಿಕೆಯಿಂದ ಅರ್ಧ ಹೇಳಿ ಬರುವವರು ಈ ಮಾತನ್ನು ತಿಳಿದಿರಬೇಕು.

ಮರುಕಳಿಸಿದರೆ

ಇಷ್ಟೆಲ್ಲ ಮಾಡಿದ ಮೇಲೂ ಕಾಯಿಲೆ ಮರುಕಳಿಸಬಹುದು. ಆಗ ಮನೋಚಿಕಿತ್ಸೆ ಕೆಲಸ ಮಾಡಲಿಲ್ಲವೆಂದು ಬಿಟ್ಟುಬಿಡುವುದು ದೊಡ್ಡ ನಷ್ಟ. ಎಷ್ಟು ದಿನ ತಡವಾಗಿ ಬಂತು, ಎಷ್ಟು ಬೇಗ ಹಿಡಿದೆವು, ಆಸ್ಪತ್ರೆಯಲ್ಲಿ ಎಷ್ಟು ದಿನ ಉಳಿತಾಯವಾಯಿತು ಎಂದು ನೋಡಬೇಕು. ತಹಬಂದಿಗೆ ಬಂದು ಒಂದು ತಿಂಗಳೊಳಗೆ ರೋಗಿ, ಮನೆಯವರು, ಚಿಕಿತ್ಸಕರು ಮತ್ತೆ ಕೂತು ಮುನ್ಸೂಚನೆಗಳ ಹಾಳೆ ತೆಗೆಯಿರಿ. ಮೊದಲು ಕಂಡ ಗುರುತು ಯಾವುದು, ಯಾರು ಕಂಡರು, ಕಂಡೂ ಏಕೆ ಹೇಳಲಿಲ್ಲ, ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಹಿಡಿತಕ್ಕೆ ತಂದಿತು ಎಂದು ಒಂದೊಂದಾಗಿ ಕೇಳಿ ಬರೆಯಿರಿ. ಹೊಸ ಹಾಳೆಯ ಮೇಲೆ ತಾರೀಖು ಹಾಕಿ, ಹಳೆಯ ಪ್ರತಿಗಳನ್ನು ಹರಿದು ಹಾಕಿ. ಒಂದು ಪ್ರತಿ ರೋಗಿಯ ಬಳಿ, ಒಂದು ಮನೆಯಲ್ಲಿ ಗುಳಿಗೆಯ ಡಬ್ಬಿಯೊಳಗೆ, ಒಂದು ಮನೋವೈದ್ಯರ ಕಡತದಲ್ಲಿ, ಇನ್ನೊಂದು ರೋಗಿ ಯಾರ ಮಾತನ್ನು ಕೇಳುತ್ತಾರೋ ಅವರ ಬಳಿ ಇರಲಿ.